ಕೆಲಸದಲ್ಲಿ ಗಾಯವಾದರೆ ಪರಿಹಾರ: ಹಕ್ಕು ಕಾನೂನಿನಲ್ಲಿದೆ, ಪುರಾವೆ ಮೊದಲ ವಾರದಲ್ಲಿದೆ

ಮೂರನೇ ಮಹಡಿಯಿಂದ ಸೆಂಟ್ರಿಂಗ್ ಕೆಲಸದವರೊಬ್ಬರು ಬಿದ್ದರು ಎಂದುಕೊಳ್ಳಿ. ಮೇಸ್ತ್ರಿ ಆಟೊ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಡ್ಯೂಟಿ ಡಾಕ್ಟರು ಮೊದಲು ಕೇಳುವುದು, ‘ಏನಾಯ್ತು?’ ಗಾಯಾಳು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೇಸ್ತ್ರಿಯೇ ಉತ್ತರ ಕೊಡುತ್ತಾರೆ: ‘ಮನೇಲಿ ಮೆಟ್ಟಿಲ ಮೇಲೆ ಜಾರಿ ಬಿದ್ರು ಸಾರ್.’ ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಅವರ ಗಮನವೆಲ್ಲ ಮುರಿದ ಮೂಳೆಯ ಮೇಲೆ. ಎಲ್ಲಿ ಬಿದ್ದರು ಎಂದು ಪತ್ತೆ ಮಾಡುವುದು ಅವರ ಕೆಲಸವಲ್ಲ.

ಆ ಒಂದು ಸಾಲು ಮುಂದೆ ಲಕ್ಷಗಟ್ಟಲೆ ರೂಪಾಯಿಯ ಪರಿಹಾರವನ್ನು ನುಂಗಿಬಿಡಬಹುದು. ವರ್ಷ ಕಳೆದು ಅರ್ಜಿ ಹಾಕಿದಾಗ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ತೆಗೆದು ತೋರಿಸುವುದು ಇದೇ ಹಾಳೆಯನ್ನು. ‘ಮನೆಯಲ್ಲಿ ಬಿದ್ದದ್ದು ಅಂತ ನಿಮ್ಮದೇ ಆಸ್ಪತ್ರೆ ದಾಖಲೆ ಹೇಳುತ್ತಿದೆಯಲ್ಲ?’

ಕೆಲಸದ ಸ್ಥಳದ ಗಾಯಕ್ಕೆ ಪರಿಹಾರ ಕೊಡಿಸುವ ಕಾನೂನು ನಮ್ಮಲ್ಲಿ ನೂರು ವರ್ಷ ಹಳೆಯದು. 1923ರಲ್ಲಿ ಆದ ಕಾಯ್ದೆ 1924ರ ಜುಲೈ 1ರಿಂದ ಜಾರಿಯಲ್ಲಿತ್ತು. 2009ರ ತಿದ್ದುಪಡಿಯಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2020 ಬಂದಿದೆ. ಹೆಸರು ಬದಲಾಯಿತು, ಕಲಂಗಳ ಸಂಖ್ಯೆ ಬದಲಾಯಿತು, ಕೆಲವು ಕಡೆ ರಕ್ಷಣೆ ಹಿಗ್ಗಿತು. ಆದರೆ ತಳಹದಿ ಹಳೆಯದೇ. ಆ ತಳಹದಿ ತುಂಬಾ ಗಟ್ಟಿಯಾಗಿದೆ. ಹಾಗಿದ್ದರೂ ಪರಿಹಾರ ಕೈಗೆ ಬರುವುದಿಲ್ಲ ಏಕೆ ಎಂಬುದೇ ನಾವು ಅರ್ಥ ಮಾಡಿಕೊಳ್ಳಬೇಕಾದ ವಿಷಯ. ನನ್ನ ಪ್ರಕಾರ ಕಾರಣ ಇಷ್ಟು: ಹಕ್ಕು ಸಾಬೀತಾಗುವುದು ಮೊದಲ ವಾರದ ಕಾಗದಪತ್ರಗಳಿಂದ. ಅದೇ ವಾರದಲ್ಲಿ ಗಾಯಾಳುವಿನ ಕುಟುಂಬ ಆಸ್ಪತ್ರೆ ಬಿಲ್ಲಿಗಾಗಿ ಮಾಲೀಕರ ಮುಖ ನೋಡುತ್ತಾ ಕೂತಿರುತ್ತದೆ.

ತಪ್ಪು ಯಾರದು ಎಂದು ಕಾನೂನು ಕೇಳುವುದಿಲ್ಲ

‘ತಪ್ಪು ನಂದೇ ಅಲ್ವಾ, ನಾನೇ ನೋಡ್ಕೋಬೇಕಿತ್ತು’ ಎಂದು ಎಷ್ಟೋ ಗಾಯಾಳುಗಳು ಹೇಳುತ್ತಾರೆ. ಹಾಗೆಂದುಕೊಂಡು ಸುಮ್ಮನಾಗುತ್ತಾರೆ ಕೂಡ. ಇದು ಬಹಳ ದುಬಾರಿಯಾದ ತಪ್ಪು ತಿಳಿವಳಿಕೆ.

ಮೊದಲಿನ ಕಾಲದಲ್ಲಿ ನಿಜವಾಗಿಯೂ ಹಾಗೇ ಇತ್ತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕೈಕಾಲು ಕಳೆದುಕೊಂಡವರು ಮಾಲೀಕರ ನಿರ್ಲಕ್ಷ್ಯವನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಮಾಲೀಕರ ಬಳಿ ಮೂರು ಉತ್ತರ ಸಿದ್ಧವಾಗಿದ್ದವು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದೆ, ನಿನ್ನದೂ ತಪ್ಪಿದೆ, ತಪ್ಪು ಮಾಡಿದ್ದು ನಿನ್ನ ಜೊತೆಯ ಕೆಲಸಗಾರ, ನಾನಲ್ಲ. ಈ ಮೂರರಲ್ಲಿ ಒಂದು ತಾಗಿದರೂ ಕೇಸು ಬಿದ್ದುಹೋಗುತ್ತಿತ್ತು. 1897ರಲ್ಲಿ ಬ್ರಿಟನ್ ಈ ದಾರಿ ಬಿಟ್ಟು ಹೊಸ ಕಾನೂನು ಮಾಡಿತು. ನಮ್ಮ 1923ರ ಕಾಯ್ದೆ ಅದರ ಜಾಡಿನಲ್ಲೇ ಬಂದದ್ದು.

ಹೊಸ ದಾರಿ ಒಂದು ಕೊಡು-ಕೊಳ್ಳುವ ಒಪ್ಪಂದ. ಕೆಲಸಗಾರ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಬದಲಿಗೆ, ಪರಿಹಾರ ಎಷ್ಟು ಎಂಬುದನ್ನು ಕಾನೂನೇ ಲೆಕ್ಕ ಹಾಕಿ ಇಟ್ಟಿರುತ್ತದೆ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಸಾಬೀತು ಮಾಡಬೇಕಾದದ್ದು ಇಷ್ಟೇ: ಅಪಘಾತ ಆಯಿತು, ಗಾಯ ಆಯಿತು, ಅದು ಕೆಲಸದ ಕಾರಣದಿಂದ ಮತ್ತು ಕೆಲಸದ ವೇಳೆಯಲ್ಲಿ ಆಯಿತು.

ಹೊರಗಿಟ್ಟ ಸಂದರ್ಭಗಳೂ ಕೆಲವು ಇವೆ. ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದದ್ದು, ಮೆಷಿನ್ನಿನ ಗಾರ್ಡನ್ನು ಗೊತ್ತಿದ್ದೇ ತೆಗೆದದ್ದು. ಆದರೆ ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸಾವಾದರೆ ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ ಈ ಯಾವ ನೆಪವೂ ಮಾಲೀಕರಿಗೆ ಸಿಗುವುದಿಲ್ಲ. ಹೆಲ್ಮೆಟ್ ಹಾಕಿರಲಿಲ್ಲ, ಬೆಲ್ಟ್ ಕಟ್ಟಿರಲಿಲ್ಲ ಎಂದು ಹೇಳಿ ಸತ್ತವರ ಹೆಂಡತಿಯನ್ನು ಬರಿಗೈಲಿ ಕಳಿಸುವುದು ಕಾನೂನಿಗೆ ವಿರುದ್ಧ. ಇನ್ನು ಸಣ್ಣ ಗಾಯಗಳಲ್ಲೂ ‘ಬೇಕೆಂದೇ’ ಎಂಬುದನ್ನು ತೋರಿಸಬೇಕಾದವರು ಮಾಲೀಕರು. ಗಾರ್ಡ್ ಹಾಕಿದರೆ ಪೀಸ್ ಲೆಕ್ಕ ಮುಗಿಯಲ್ಲ ಎಂದು ಸೂಪರ್‌ವೈಸರೇ ತೆಗೆಸಿದ್ದರೆ ಅದು ಕೆಲಸಗಾರರ ತಪ್ಪು ಹೇಗಾಗುತ್ತದೆ?

ಮೊದಲ ವಾರ

ಹಾಗಾದರೆ ಕೇಸುಗಳು ಎಲ್ಲಿ ಸೋಲುತ್ತವೆ? ಸಾಮಾನ್ಯವಾಗಿ ಮೂರು ಪ್ರಶ್ನೆಗಳಲ್ಲಿ. ಇವರು ಅಲ್ಲಿ ಕೆಲಸಕ್ಕಿದ್ದರಾ? ಗಾಯ ಕೆಲಸದಲ್ಲೇ ಆಯಿತಾ? ಸಂಬಳ ಎಷ್ಟಿತ್ತು? ಮೂರಕ್ಕೂ ಉತ್ತರ ಕಾಗದದಲ್ಲಿರಬೇಕು. ಆದರೆ ದಿನಗೂಲಿಯವರ ಬದುಕಿನಲ್ಲಿ ಕಾಗದವೇ ಇರುವುದಿಲ್ಲ. ನೇಮಕಾತಿ ಪತ್ರ ಇಲ್ಲ, ಪೇ ಸ್ಲಿಪ್ ಇಲ್ಲ, ಶನಿವಾರ ಬಟವಾಡೆ ಕೈಗೆ ಕೊಡುತ್ತಾರೆ. ಹಾಜರಿ ಇರುವುದು ಮೇಸ್ತ್ರಿಯ ಪಾಕೆಟ್ ಡೈರಿಯಲ್ಲಿ.

ಅದಕ್ಕೇ ಆಸ್ಪತ್ರೆಯ ದಾಖಲೆಗೆ ಇಷ್ಟು ತೂಕ. ಅಪಘಾತದ ಗಾಯ ಬಂದಾಗ ಆಸ್ಪತ್ರೆಯವರು ಎಂ.ಎಲ್.ಸಿ. (ಮೆಡಿಕೋ-ಲೀಗಲ್ ಕೇಸ್ ದಾಖಲೆ) ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಯಾವಾಗ, ಎಲ್ಲಿ, ಹೇಗೆ ಎಂಬುದು ಅಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಗಂಟೆಗಳೊಳಗೆ ಬರೆದದ್ದಾದ್ದರಿಂದ ಅದನ್ನು ನಂಬುತ್ತಾರೆ. ‘ಇಂಥ ಏರಿಯಾದಲ್ಲಿ, ಇಂಥವರ ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡುವಾಗ ಮೇಲಿಂದ ಬಿದ್ದದ್ದು’ ಎಂದು ಬರೆಸಿದರೆ ಅರ್ಧ ಕೇಸು ಅಲ್ಲೇ ಆಯಿತು. ಹಾಗಾಗಿ ಮನೆಯವರು ಆಸ್ಪತ್ರೆ ತಲುಪಿದ ತಕ್ಷಣ ಏನು ಬರೆದಿದ್ದಾರೆ ಎಂದು ಕೇಳಿ ನೋಡಬೇಕು. ತಪ್ಪಿದ್ದರೆ ಆಗಲೇ ಡಾಕ್ಟರಿಗೆ ಹೇಳಬೇಕು. ಗಾಯಾಳುವಿಗೆ ಎಚ್ಚರ ಬಂದ ಮೇಲೆ ಪೊಲೀಸರು ಹೇಳಿಕೆ ತೆಗೆದುಕೊಳ್ಳುವಾಗ ಸತ್ಯವನ್ನೇ ಹೇಳಬೇಕು. ‘ಪೊಲೀಸ್ ಕೇಸ್ ಬೇಡ, ನಾನೇ ನೋಡ್ಕೋತೀನಿ’ ಎಂದು ಕಂಟ್ರಾಕ್ಟರ್ ಹೇಳಿದಾಗ ಒಪ್ಪಿಬಿಡುವುದು ಸುಲಭ. ಅವರೇನೂ ಕೆಟ್ಟವರಾಗಿರಬೇಕಿಲ್ಲ. ಮೊದಲ ಬಿಲ್ಲನ್ನು ಮನಸ್ಸಿನಿಂದಲೇ ಕಟ್ಟಿರುತ್ತಾರೆ. ಎರಡನೇ ಆಪರೇಷನ್ ಬಂದಾಗ ಮಾತ್ರ ಫೋನ್ ತೆಗೆಯುವುದನ್ನು ನಿಲ್ಲಿಸುತ್ತಾರೆ. ಆ ಹೊತ್ತಿಗೆ ಜೊತೆಯಲ್ಲಿದ್ದ ಕೆಲಸಗಾರರು ಬೇರೆ ಸೈಟಿಗೆ, ಬೇರೆ ಊರಿಗೆ ಹೋಗಿರುತ್ತಾರೆ.

ಉಳಿದ ಪುರಾವೆಗಳು ಫೋನಿನಲ್ಲೇ ಇರುತ್ತವೆ. ಮೇಸ್ತ್ರಿ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜು, ಫೋನ್‌ಪೇನಲ್ಲಿ ಬಂದ ಕೂಲಿ, ಸೈಟಿನ ಫೋಟೊ, ಗೇಟಿನ ಹತ್ತಿರದ ಬೋರ್ಡು. ಕಟ್ಟಡದ ಬೋರ್ಡಿನ ಮೇಲೆ ಮಾಲೀಕರ, ಕಂಟ್ರಾಕ್ಟರ ಹೆಸರು ಇರುತ್ತದೆ. ಅದರ ಫೋಟೊ ಒಂದು ಇದ್ದರೆ ನೋಟಿಸು ಯಾರಿಗೆ ಕೊಡಬೇಕು ಎಂಬ ಗೊಂದಲವೇ ಇರುವುದಿಲ್ಲ. ಜೊತೆ ಕೆಲಸದವರ ಪೂರ್ತಿ ಹೆಸರು, ಊರು, ನಂಬರು ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿ ಬಿಲ್ಲು ಒಂದನ್ನೂ ಎಸೆಯಬೇಡಿ. 2009ರ ತಿದ್ದುಪಡಿಯ ನಂತರ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕರು ಪರಿಹಾರದ ಜೊತೆಗೆ, ಬೇರೆಯಾಗಿ ಕೊಡಬೇಕು. ಬಿಲ್ಲು ಕಟ್ಟಿದ್ದೇ ಪರಿಹಾರ ಎಂದು ಹೇಳುವ ಮಾತಿಗೆ ಕಾನೂನಿನ ಬೆಂಬಲ ಇಲ್ಲ.

ಮಾಲೀಕರಿಗೂ ಕರ್ತವ್ಯಗಳಿವೆ. ಸಾವು ಅಥವಾ ಗಂಭೀರ ಗಾಯ ಆದಾಗ ಏಳು ದಿನದೊಳಗೆ ಪರಿಹಾರದ ಪ್ರಕರಣ ನೋಡುವ ಅಧಿಕಾರಿಗೆ ವರದಿ ಕಳಿಸಬೇಕು. 2017ರ ತಿದ್ದುಪಡಿಯಂತೂ ಇನ್ನೂ ಮುಂದೆ ಹೋಯಿತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕಿನ ಬಗ್ಗೆ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ ತಿಳಿಸಬೇಕು ಎಂದಿತು. ತಿಳಿಸದಿದ್ದರೆ 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ಇತ್ತು. ಎಷ್ಟು ಸೈಟುಗಳಲ್ಲಿ ಅಂಥ ಒಂದು ಚೀಟಿ ಯಾರ ಕೈಗಾದರೂ ಬಂದಿದೆ? ಕಟ್ಟಡ ಕಾರ್ಮಿಕರನ್ನು ಕೇಳಿ ನೋಡಿ.

‘ಅವರು ನಮ್ಮ ಕೆಲಸದವರಲ್ಲ’

ಜಾಸ್ತಿ ಕೇಳಿಬರುವ ವಾದ ಇದು. ಕಂಪನಿ ಕಂಟ್ರಾಕ್ಟರನ್ನು ತೋರಿಸುತ್ತದೆ, ಕಂಟ್ರಾಕ್ಟರ್ ಸಬ್ ಕಂಟ್ರಾಕ್ಟರನ್ನು ತೋರಿಸುತ್ತಾರೆ, ಅವರು ಮೇಸ್ತ್ರಿಯನ್ನು. ಕಾನೂನು ಇದನ್ನು 1923ರಲ್ಲೇ ಊಹಿಸಿತ್ತು. ತನ್ನ ವ್ಯಾಪಾರದ ಕೆಲಸವನ್ನೇ ಕಂಟ್ರಾಕ್ಟ್ ಕೊಟ್ಟಿದ್ದರೆ ಮೂಲ ಮಾಲೀಕರೂ ಪರಿಹಾರ ಕೊಡಲು ಬದ್ಧ. ಆಮೇಲೆ ಅವರು ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಗಾಯಾಳು ಇಬ್ಬರ ಮೇಲೂ ಅರ್ಜಿ ಹಾಕಬಹುದು, ಹಾಕುವುದೇ ಒಳ್ಳೆಯದು.

‘ಎರಡು ದಿನದ ಕೆಲಸಕ್ಕೆ ಬಂದವರು, ಪರ್ಮನೆಂಟ್ ಅಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ತಾತ್ಕಾಲಿಕ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವರು, ಬೆಳೆಗೆ ಔಷಧಿ ಹೊಡೆಯುವವರು ಕೂಡ ಕಾಯ್ದೆಯ ಪಟ್ಟಿಯಲ್ಲಿದ್ದರು. ಇದು ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಲಾರಿ ಚಾಲಕರು, ಕ್ಲೀನರುಗಳ ವಿಷಯ ಸ್ವಲ್ಪ ಬೇರೆ. ರಸ್ತೆ ಅಪಘಾತವಾದರೆ ಅವರಿಗೆ ಎರಡು ದಾರಿ ಇವೆ: ಮೋಟಾರು ವಾಹನ ಕಾಯ್ದೆಯ ಟ್ರಿಬ್ಯೂನಲ್ಲು, ಇಲ್ಲವೇ ನೌಕರರ ಪರಿಹಾರ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಕಡೆ ಹೋಗುವಂತಿಲ್ಲ. ಎದುರಿನ ವಾಹನದ್ದು ತಪ್ಪಿದ್ದರೆ ಟ್ರಿಬ್ಯೂನಲ್ಲಿನಲ್ಲಿ ಸಾಮಾನ್ಯವಾಗಿ ಹೆಚ್ಚು ಹಣ ಸಿಗುತ್ತದೆ. ಚಾಲಕರದ್ದೇ ತಪ್ಪಿದ್ದರೆ ನೌಕರರ ಪರಿಹಾರವೇ ಗಟ್ಟಿ, ಏಕೆಂದರೆ ಇಲ್ಲಿ ತಪ್ಪಿನ ಪ್ರಶ್ನೆಯೇ ಬರುವುದಿಲ್ಲ. ಯಾವುದನ್ನು ಆರಿಸಬೇಕು ಎಂಬುದನ್ನು ಅವಸರದಲ್ಲಿ ತೀರ್ಮಾನಿಸಬೇಡಿ.

ಈ ರಕ್ಷಣೆಯೊಳಗೆ ಇನ್ನೂ ಸರಿಯಾಗಿ ಬರದವರು ಡೆಲಿವರಿ ಮಾಡುವ ಹುಡುಗರು. ಆ್ಯಪ್ ಕಂಪನಿಗಳು ಅವರನ್ನು ಪಾರ್ಟ್ನರ್ ಎನ್ನುತ್ತವೆ, ನೌಕರರು ಎಂದು ಒಪ್ಪುವುದಿಲ್ಲ. ಹೊಸ ಸಂಹಿತೆ ಗಿಗ್ ಕಾರ್ಮಿಕರನ್ನು ಹೆಸರಿಸಿ ಗುರುತಿಸಿದೆ, ಕಂಪನಿಗಳ ವಂತಿಗೆಯಿಂದ ನಿಧಿ ಮಾಡಲು ದಾರಿ ಕೊಟ್ಟಿದೆ. ಕರ್ನಾಟಕ 2025ರಲ್ಲಿ ತನ್ನದೇ ಕಾಯ್ದೆ ತಂದು, ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುವ ಅವಕಾಶ ಮಾಡಿಕೊಂಡಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಕಲ್ಯಾಣ ನಿಧಿಯಿಂದ ಸಿಗುವ ನೆರವು ಬೇರೆ, ಮಾಲೀಕರಿಂದ ಲೆಕ್ಕ ಹಾಕಿ ವಸೂಲಿ ಮಾಡುವ ಹಕ್ಕು ಬೇರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯಧನಕ್ಕೂ ಇದೇ ಮಾತು. ಮಂಡಳಿಯ ಕಾರ್ಡ್ ಇದ್ದರೆ ಅದನ್ನು ಪಡೆಯಿರಿ, ಆದರೆ ಅದು ಬಂತು ಎಂದು ಮಾಲೀಕರ ಮೇಲಿನ ಹಕ್ಕನ್ನು ಬಿಡಬೇಡಿ.

ಲೆಕ್ಕ ಹೇಗೆ ಹಾಕುತ್ತಾರೆ

ಸೂತ್ರ ಕಷ್ಟದ್ದೇನಲ್ಲ. ವಯಸ್ಸಿಗೆ ತಕ್ಕಂತೆ ಒಂದು ಅಂಕಿ ಇರುತ್ತದೆ. 25 ವರ್ಷಕ್ಕೆ 216.91, 35ಕ್ಕೆ 197.06, 50ಕ್ಕೆ 153.09. ವಯಸ್ಸು ಏರಿದಂತೆ ಅಂಕಿ ಇಳಿಯುತ್ತದೆ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ಇದರಿಂದ ಗುಣಿಸಬೇಕು. ಪೂರ್ತಿ ಶಾಶ್ವತ ಅಂಗವಿಕಲತೆಯಾದರೆ ಸಂಬಳದ ಶೇ 60ನ್ನು ಗುಣಿಸಬೇಕು. ಭಾಗಶಃ ಆದರೆ ಆ ಮೊತ್ತದಲ್ಲಿ ಶೇಕಡಾವಾರು. ಯಾವ ಗಾಯಕ್ಕೆ ಎಷ್ಟು ಎಂಬ ಪಟ್ಟಿ ಕಾನೂನಿನಲ್ಲೇ ಇದೆ: ಹೆಬ್ಬೆರಳು ಹೋದರೆ ಶೇ 30, ಒಂದು ಕೈಯ ಎರಡು ಬೆರಳಿಗೆ ಶೇ 20, ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ಶೇ 40.

ಒಂದು ಉದಾಹರಣೆ ನೋಡೋಣ. ಆರೇಳು ಜನರ ಸಣ್ಣ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ನಡೆಸುವ 35 ವರ್ಷದ ಕೆಲಸಗಾರರು. ಓವರ್‌ಟೈಮಿನಲ್ಲಿ ಪ್ರೆಸ್ ಎರಡನೇ ಸಲ ತಾನಾಗಿಯೇ ಇಳಿದು ಎರಡು ಬೆರಳು ಹೋಗುತ್ತವೆ. ಸಂಬಳ 15,000 ಎಂದು ಸಾಬೀತಾದರೆ, ಅದರ ಶೇ 60 ಅಂದರೆ 9,000. ಅದನ್ನು 197.06ರಿಂದ ಗುಣಿಸಿದರೆ 17,73,540. ಅದರಲ್ಲಿ ಶೇ 20, ಅಂದರೆ 3,54,708 ರೂಪಾಯಿ. ಅದೇ ಮಾಲೀಕರು ‘ಸಂಬಳ 9,000 ಮಾತ್ರ, ಉಳಿದದ್ದು ಭತ್ಯೆ’ ಎಂದು ಪುಸ್ತಕ ತೋರಿಸಿ ಗೆದ್ದರೆ ಮೊತ್ತ ಸುಮಾರು 2,12,825ಕ್ಕೆ ಇಳಿಯುತ್ತದೆ. ಬೆರಳು ಅದೇ, ನೋವು ಅದೇ. ಬ್ಯಾಂಕ್ ಪಾಸ್‌ಬುಕ್ಕಿನ ಒಂದು ಪುಟ ಇಲ್ಲದ್ದಕ್ಕೆ 1 ಲಕ್ಷದ 40 ಸಾವಿರ ಹೋಯಿತು. ಭತ್ಯೆಯ ಹೆಸರಿನಲ್ಲಿ ಮೂಲ ಸಂಬಳವನ್ನು ಕುಗ್ಗಿಸಿ ತೋರಿಸುವ ಈ ಆಟಕ್ಕೆ ಹೊಸ ಸಂಹಿತೆ ಸ್ವಲ್ಪ ಕಡಿವಾಣ ಹಾಕಿದೆ. ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದರೆ ಪಟ್ಟಿಯೇ ಕೊನೆಯಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಒಡಿಶಾದ ಬಡಗಿಯೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದಾಗ ಬಿದ್ದು ಎಡಗೈ ಕಳೆದುಕೊಂಡಿದ್ದರು. ಪಟ್ಟಿಯ ಪ್ರಕಾರ ನೋಡಿದರೆ ಅದು ಭಾಗಶಃ ಅಂಗವಿಕಲತೆ. ಆದರೆ ಒಂದು ಕೈಯಲ್ಲಿ ಬಡಗಿ ಕೆಲಸ ಆಗುತ್ತದಾ? ಉಳಿ ಹಿಡಿಯಲು ಒಂದು ಕೈ, ಸುತ್ತಿಗೆಗೆ ಇನ್ನೊಂದು. ಕೋರ್ಟು ಅದನ್ನು ಪೂರ್ತಿ ಅಂಗವಿಕಲತೆ ಎಂದೇ ಒಪ್ಪಿತು. ನಾವು ನೆನಪಿಡಬೇಕಾದದ್ದು ಇದು. ಡಾಕ್ಟರು ಕೊಡುವ ಅಂಗವಿಕಲತೆಯ ಶೇಕಡಾವಾರು ಒಂದು, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಇನ್ನೊಂದು. ಗಾರೆ ಕೆಲಸದವರ ಸೊಂಟದ ಗಾಯವನ್ನೂ ಕುರ್ಚಿಯ ಮೇಲೆ ಕೂತು ಲೆಕ್ಕ ಬರೆಯುವವರ ಸೊಂಟದ ಗಾಯವನ್ನೂ ಒಂದೇ ಅಳತೆಯಲ್ಲಿ ನೋಡಬಾರದು. ಮಾಡುತ್ತಿದ್ದ ಕೆಲಸ ಯಾವುದು, ಈಗ ಅದರಲ್ಲಿ ಯಾವ ಭಾಗ ಆಗುತ್ತಿಲ್ಲ ಎಂದು ಡಾಕ್ಟರ ಸಾಕ್ಷ್ಯದಲ್ಲಿ ಬರುವಂತೆ ನೋಡಿಕೊಳ್ಳಬೇಕು.

ಅದೇ ತೀರ್ಪು ಇನ್ನೊಂದು ದೊಡ್ಡ ಮಾತು ಹೇಳಿತು. ಪರಿಹಾರ ಕೊಡುವ ಹೊಣೆ ಹುಟ್ಟುವುದು ಅಪಘಾತದ ದಿನ, ತೀರ್ಪಿನ ದಿನ ಅಲ್ಲ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ ಮೇಲೆ ಶೇ 50ರವರೆಗೆ ದಂಡ. ವಾಹನ ವಿಮೆಯ ಪ್ರಕರಣಗಳಲ್ಲಿ ಬಡ್ಡಿಯನ್ನು ವಿಮಾ ಕಂಪನಿ ಕಟ್ಟಬೇಕು, ದಂಡವನ್ನು ಮಾಲೀಕರೇ ಕೈಯಿಂದ ಕಟ್ಟಬೇಕು ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಕೆಲವು ತಿಂಗಳು ಕೆಲಸ ಮಾಡಲಾಗದೆ ಆಮೇಲೆ ಸರಿಹೋಗುವ ಗಾಯಗಳಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25 ಸಿಗಬೇಕು. 15,000ದ ಲೆಕ್ಕದಲ್ಲಿ ತಿಂಗಳಿಗೆ 7,500. ಇದು ಹೆಚ್ಚೆಂದರೆ ಐದು ವರ್ಷ.

ಆ 15,000 ಎಲ್ಲಿಂದ ಬಂತು?

ಅದು ಸರ್ಕಾರ ಹಾಕಿದ ಮಿತಿ. ನಿಜವಾದ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ. 2010ರಲ್ಲಿ 8,000 ಇದ್ದದ್ದನ್ನು 2020ರ ಜನವರಿಯಲ್ಲಿ ಹೀಗೆ ಏರಿಸಿದರು. ಹತ್ತು ವರ್ಷ ಅದು 8,000ದಲ್ಲೇ ನಿಂತಿತ್ತು ಎಂಬುದನ್ನು ಗಮನಿಸಿ. ಮೇಲಿನ ಉದಾಹರಣೆಯ ಪ್ರೆಸ್ ಕೆಲಸಗಾರರಿಗೆ ನಿಜವಾಗಿ 24,000 ಸಂಬಳ ಇದ್ದಿದ್ದರೆ, ಮಿತಿ ಇಲ್ಲದ ಲೆಕ್ಕದಲ್ಲಿ ಸುಮಾರು 5,67,500 ಬರಬೇಕಿತ್ತು. ಮಿತಿಯ ಕಾರಣಕ್ಕೆ 3,54,708ಕ್ಕೆ ನಿಲ್ಲುತ್ತದೆ.

ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಅದೇ ವ್ಯಕ್ತಿಗೆ ಬಸ್ಸು ಗುದ್ದಿದ್ದರೆ ಮೋಟಾರು ಟ್ರಿಬ್ಯೂನಲ್ಲು ನಿಜವಾದ ಆದಾಯವನ್ನೇ ನೋಡುತ್ತದೆ, ಮುಂದೆ ಸಂಬಳ ಏರುತ್ತಿತ್ತು ಎಂಬುದನ್ನೂ ಸೇರಿಸುತ್ತದೆ. ಕಾರ್ಖಾನೆಯೊಳಗೆ ಗಾಯವಾದರೆ ಎರಡೂ ಇಲ್ಲ. ತಪ್ಪು ಸಾಬೀತು ಮಾಡುವ ಕಷ್ಟ ಇಲ್ಲ ಎಂಬುದಕ್ಕೆ ಸ್ವಲ್ಪ ಕಡಿಮೆ ಹಣ ಒಪ್ಪಿಕೊಳ್ಳುವುದು ಹಳೆಯ ಒಪ್ಪಂದದ ಭಾಗ, ಸರಿ. ಆದರೆ ಕೂಲಿ ಏರುತ್ತಾ ಹೋಗಿ ಮಿತಿ ಅಲ್ಲೇ ನಿಂತರೆ, ಯಾರಿಗೂ ಹೇಳದೆ ಆ ಒಪ್ಪಂದವನ್ನು ವರ್ಷ ವರ್ಷವೂ ಕಿರಿದು ಮಾಡಿದಂತೆ. ಈ ಮಿತಿಯನ್ನು ಬದಲಿಸಲು ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು. ಬೆಲೆ ಏರಿಕೆಗೆ ತಕ್ಕಂತೆ ಅದು ವರ್ಷಕ್ಕೊಮ್ಮೆ ತಾನಾಗಿಯೇ ಏರುವಂತೆ ಮಾಡದೆ ಇರುವುದಕ್ಕೆ ನನಗಂತೂ ಒಳ್ಳೆಯ ಕಾರಣ ಕಾಣುವುದಿಲ್ಲ.

ಇ.ಎಸ್.ಐ. ಇದ್ದರೆ ದಾರಿಯೇ ಬೇರೆ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, 21,000 ರೂಪಾಯಿವರೆಗೆ ಸಂಬಳ ಇರುವವರು ಸಾಮಾನ್ಯವಾಗಿ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ಒಳಗೆ ಬರುತ್ತಾರೆ. ಅಪಾಯಕಾರಿ ಕೆಲಸದ ಕಡೆ ಒಬ್ಬರೇ ಇದ್ದರೂ ಅನ್ವಯಿಸಲು ಹೊಸ ಸಂಹಿತೆ ದಾರಿ ಮಾಡಿದೆ. ಸಂಬಳದಲ್ಲಿ ಶೇ 0.75 ಕೆಲಸಗಾರರದ್ದು, ಶೇ 3.25 ಮಾಲೀಕರದ್ದು ಸೇರಿ ನಿಧಿಗೆ ಹೋಗುತ್ತದೆ. ಇ.ಎಸ್.ಐ.ನಲ್ಲಿ ಇದ್ದವರು ಮಾಲೀಕರಿಂದ ಮತ್ತೆ ನೌಕರರ ಪರಿಹಾರ ಕೇಳುವಂತಿಲ್ಲ. ಪರಿಹಾರ ಇ.ಎಸ್.ಐ. ನಿಗಮದಿಂದ ಬರುತ್ತದೆ.

ಬಹಳಷ್ಟು ಗಾಯಗಳಿಗೆ ಇದೇ ಉತ್ತಮ. ತಿಂಗಳಿಗೆ 18,000 ಅಂದರೆ ದಿನಕ್ಕೆ 600 ಇದ್ದವರಿಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಶೇ 90 ಅಂದರೆ ಸುಮಾರು 540 ರೂಪಾಯಿ ಸಿಗುತ್ತದೆ. ತಿಂಗಳಿಗೆ 16,200. ಹಿಂದೆ ಹೇಳಿದ 7,500ದ ಪಕ್ಕ ಇಟ್ಟು ನೋಡಿ. ಶಾಶ್ವತ ಅಂಗವಿಕಲತೆಗೆ ಒಂದೇ ಸಲದ ಗಂಟಿನ ಬದಲು ಬದುಕಿರುವವರೆಗೂ ತಿಂಗಳು ತಿಂಗಳು ಹಣ ಬರುತ್ತದೆ. ಒಟ್ಟಿಗೆ ಬಂದ ಹಣ ಸಾಲಕ್ಕೆ, ಮದುವೆಗೆ, ಮನೆಗೆ ಎಂದು ಎರಡು ವರ್ಷದಲ್ಲಿ ಕರಗುವುದನ್ನು ನೋಡಿದವರಿಗೆ ತಿಂಗಳ ಹಣದ ಬೆಲೆ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಈ ಸೌಲಭ್ಯ ಇದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿಲ್ಲ. ಮಾಲೀಕರು ಹೆಸರೇ ನೋಂದಾಯಿಸಿರಲಿಲ್ಲ ಎಂದರೂ ಹಕ್ಕು ಹೋಗುವುದಿಲ್ಲ. ವಂತಿಗೆ ಕಟ್ಟಬೇಕಿತ್ತು ಎಂಬುದು ಸಾಬೀತಾದರೆ ಸಾಕು, ನಿಗಮ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಇಲ್ಲೂ ಅಪಘಾತದ ವರದಿ ತಕ್ಷಣ ಇ.ಎಸ್.ಐ. ಶಾಖೆಗೆ ಹೋಗಿದೆಯಾ ಎಂದು ನೀವೇ ಹೋಗಿ ಕೇಳಿ ಖಚಿತ ಮಾಡಿಕೊಳ್ಳಬೇಕು.

ದಾರಿಯಲ್ಲಿ ಆದ ಅಪಘಾತ, ನಿಧಾನಕ್ಕೆ ಬಂದ ಕಾಯಿಲೆ

ಮನೆಯಿಂದ ಕೆಲಸಕ್ಕೆ ಹೋಗುವಾಗ ಅಪಘಾತವಾದರೆ? ಇ.ಎಸ್.ಐ. ಕಾಯ್ದೆಯಲ್ಲಿ ಇದನ್ನು 2010ರಲ್ಲೇ ಸೇರಿಸಿದ್ದರು. 1923ರ ಕಾಯ್ದೆಯಲ್ಲಿ ಅಂಥ ಮಾತು ಇರಲಿಲ್ಲ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರರು 2003ರ ಏಪ್ರಿಲ್ 22ರಂದು ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಹೊರಟು, ಕಾರ್ಖಾನೆ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರು 3,26,140 ರೂಪಾಯಿ ಕೊಡಿಸಿದರು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕುಟುಂಬದ ಪರ ತೀರ್ಪು ಕೊಟ್ಟಿತು. ಸಮಯ, ಜಾಗ, ಸಂದರ್ಭ ಕೆಲಸದ ಜೊತೆ ನಂಟು ತೋರಿಸುವಂತಿದ್ದರೆ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದಿತು. ಹೊಸ ಸಂಹಿತೆಯಲ್ಲಿ ಈಗ ಅದನ್ನು ನೇರವಾಗಿಯೇ ಬರೆದಿದ್ದಾರೆ. ತೀರ್ಪು ಒಳ್ಳೆಯದು. ಆದರೆ 2003ರಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಕೊನೆಯ ಮಾತು ಸಿಕ್ಕಿದ್ದು 22 ವರ್ಷ ಕಳೆದ ಮೇಲೆ.

ಹೀಗೆಂದು ಕೆಲಸದ ದಿನ ಆದದ್ದೆಲ್ಲವೂ ಕೆಲಸದ ಗಾಯ ಆಗುವುದಿಲ್ಲ. ವಾಹನ ನಿಲ್ಲಿಸಿ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದ ಚಾಲಕರೊಬ್ಬರು ನೀರಿಗೆ ಜಾರಿ ತೀರಿಕೊಂಡ ಪ್ರಕರಣದಲ್ಲಿ, ಅದಕ್ಕೂ ಚಾಲನೆಯ ಕೆಲಸಕ್ಕೂ ನಂಟಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ನಿರಾಕರಿಸಿತು. ಹೃದಯಾಘಾತದ ಪ್ರಕರಣಗಳಲ್ಲೂ ಕೆಲಸದ ಒತ್ತಡ, ಶ್ರಮ ಅದಕ್ಕೆ ಹೇಗೆ ಕಾರಣ ಎಂದು ತೋರಿಸಲೇಬೇಕು.

ಕಾಯಿಲೆಗಳದ್ದು ಇನ್ನೂ ಕಷ್ಟ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲುಪುಡಿ ಉಸಿರಾಡಿ ಬರುವ ಸಿಲಿಕೋಸಿಸ್ 1930ರ ದಶಕದಲ್ಲೇ ಬೆಳಕಿಗೆ ಬಂದಿತ್ತು. ಅದು ಪರಿಹಾರಕ್ಕೆ ಅರ್ಹವಾದ ಕಾಯಿಲೆಗಳ ಪಟ್ಟಿಯಲ್ಲೂ ಇದೆ. ಆದರೆ ಇದು ಒಂದು ದಿನದ ಅಪಘಾತ ಅಲ್ಲ, ವರ್ಷಗಟ್ಟಲೆ ಕಲ್ಲು ಒಡೆದ ಮೇಲೆ ಕಾಣಿಸಿಕೊಳ್ಳುವುದು. ಎಷ್ಟೋ ಸಲ ಟಿಬಿ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಕ್ವಾರಿ, ಕ್ರಷರ್, ಕಲ್ಲಿನ ಕೆತ್ತನೆ ಮಾಡಿದವರು ಕೆಮ್ಮು ಎಂದು ಹೋದಾಗ ಕೆಲಸ ಏನು ಎಂದು ಡಾಕ್ಟರಿಗೆ ಹೇಳಲೇಬೇಕು.

ರಾಜಿ ಮತ್ತು ಅರ್ಜಿ

‘ಐವತ್ತು ಸಾವಿರ ತಗೊಳ್ಳಿ, ಇಲ್ಲಿ ಸಹಿ ಹಾಕಿ, ಮುಗಿಸಿಬಿಡೋಣ.’ ಈ ಮಾತು ಬರುವುದು ಸಾಮಾನ್ಯವಾಗಿ ಡಿಸ್ಚಾರ್ಜ್ ದಿನ. ಸಾವಾಗಿದ್ದರೆ ಮಣ್ಣು ಮಾಡಿದ ಮಾರನೇ ದಿನ. ಇಲ್ಲಿ ಕಾನೂನು ಬಹಳ ಸ್ಪಷ್ಟ. ಸಾವಿನ ಪರಿಹಾರವನ್ನು ಮಾಲೀಕರು ಕುಟುಂಬದ ಕೈಗೆ ನೇರವಾಗಿ ಕೊಡುವಂತಿಲ್ಲ, ಅಧಿಕಾರಿಯ ಬಳಿ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ, ಸಣ್ಣದೊಂದು ಮುಂಗಡ ಬಿಟ್ಟು. ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದಕ್ಕೆ ಬೆಲೆ ಇಲ್ಲ. ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಬಿಟ್ಟೆವು, ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲಿ ಕೂತ ಕುಟುಂಬಗಳು ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಸಹಿ ಹಾಕಿದ್ದರೂ ಅರ್ಜಿ ಹಾಕಬಹುದು.

ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಿಬಿಡಿ. ತಡವಾಗಿದ್ದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಲು ಅವಕಾಶ ಇದೆ. ಹೊಸ ಸಂಹಿತೆ ಬಂದ ಮೇಲೆ ಯಾವ ಅಧಿಕಾರಿಯ ಮುಂದೆ ಹಾಕಬೇಕು ಎಂಬುದನ್ನು ನಿಮ್ಮ ತಾಲ್ಲೂಕಿನ ಅಥವಾ ಜಿಲ್ಲೆಯ ಲೇಬರ್ ಆಫೀಸಿನಲ್ಲಿ ಕೇಳಿ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಕಾರ್ಖಾನೆ ಕೆಲಸಗಾರರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆದೇಶ ಬಂದ ಮೇಲೆ ಮಾಲೀಕರು ಮೇಲ್ಮನವಿ ಹಾಕಬೇಕೆಂದರೆ ಮೊದಲು ಆ ಹಣವನ್ನು ಠೇವಣಿ ಇಡಬೇಕು. ಕೊಡದೆ ಸತಾಯಿಸಿದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಸಾವಿನ ಪ್ರಕರಣದಲ್ಲಿ ಅಧಿಕಾರಿ ಹೆಂಡತಿ, ಮಕ್ಕಳು, ತಂದೆ ತಾಯಿಗೆ ಪಾಲು ಹಂಚುತ್ತಾರೆ, ಚಿಕ್ಕ ಮಕ್ಕಳ ಪಾಲನ್ನು ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿಡಿಸಬಹುದು. ಆ ಪರಿಹಾರವನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸಿಕೊಳ್ಳುವಂತಿಲ್ಲ.